ಅಕ್ಕನ ಹಿತ್ತಿಲ ದೊಡ್ಡಪತ್ರೆ

ನಮ್ಮ ಅತ್ತೆ ವರ್ಷಕ್ಕೊಂದು ಸಲ ಕಳ್ಳತನ ಮಾಡುತ್ತಾರೆ.

ಗಾಬರಿ ಬೇಡ. ಪೊಲೀಸರಿಗೆ ಹೇಳುವಂಥದ್ದಲ್ಲ. (ಹೇಳಿದರೂ ನಮ್ಮ ಕಡೂರಿನ ದಫೇದಾರರು ನಕ್ಕು, ಎರಡು ರೊಟ್ಟಿಗೆ ಆಗುವಷ್ಟು ಚಟ್ನಿ ಕೇಳಿಕೊಂಡು ಹೋಗುತ್ತಾರೆ, ಅಷ್ಟೆ.) ಅವರು ಕದಿಯುವುದು ದೊಡ್ಡಪತ್ರೆಯ ಒಂದು ಕಡ್ಡಿ. ಅದೂ ಸ್ವಂತ ಓರಗಿತ್ತಿಯ ಹಿತ್ತಿಲಿನಿಂದ.

ತಪ್ಪಾಯಿತು. ಕದಿಯುತ್ತಿದ್ದರು ಎಂದು ಬರೆಯಬೇಕಿತ್ತು. ಈ ವರ್ಷ ರೋಹಿಣಿ ಮಳೆ ಬಂತು, ಹೋಯಿತು. ಕಳ್ಳತನ ನಡೆಯಲಿಲ್ಲ. ಅದರಿಂದ ನಮ್ಮ ಮನೆಯಲ್ಲಿ ಯಾರಿಗೂ ಸಮಾಧಾನವಿಲ್ಲ.

ನಾನು ದಿನಚರಿ ಬರೆಯುವವಳೆಂಬುದು ಈ ಅಂಕಣ ಓದುವವರಿಗೆ ಗೊತ್ತೇ ಇದೆ. ಎಂದು ಮಳೆ ಬಿತ್ತು, ಎಂದು ಎಮ್ಮೆ ಈಯಿತು, ಯಾವ ಹೊತ್ತಿಗೆ ಯಾವ ಸಾರು, ಎಲ್ಲಕ್ಕೂ ತಾರೀಖು ಹಾಕಿಡುತ್ತೇನೆ. "ನಮ್ಮನೇಲೇ ಒಬ್ಬ ಅಮಲ್ದಾರ್ರು ಅವ್ರೆ" ಎಂದು ನಮ್ಮ ಮನೆಯವರು ಬಂದವರಿಗೆಲ್ಲ ಹೇಳಿ ನಗುತ್ತಾರೆ. ಮದುವೆಯಾಗಿ ಬಂದ ಮೊದಲ ಬೇಸಿಗೆಯಲ್ಲಿ ನನಗೊಂದು ವಿಚಿತ್ರ ಕಂಡಿತು. ನಮ್ಮ ಅತ್ತೆ ಗೌರಮ್ಮನವರ ಕೈ ತಾಗಿದರೆ ಒಣಗಿದ ಗೂಟವೂ ಚಿಗುರುತ್ತದೆ. ಕರಿಬೇವು, ಪುದೀನ, ಚಕ್ಕೋತ, ಸಬ್ಬಸಿಗೆ, ಎಲ್ಲಕ್ಕೂ ಬಚ್ಚಲ ನೀರು ತಿರುಗಿಸುತ್ತಾರೆ. ಆದರೆ ಮೂಲೆಯ ದೊಡ್ಡಪತ್ರೆಗೆ ಮಾತ್ರ ಒಂದು ಚೊಂಬು ನೀರೂ ಇಲ್ಲ. ಅದು ಕಣ್ಣೆದುರೇ ಬಾಡಿ, ಕಡ್ಡಿಯಾಗಿ, ಕೊನೆಗೆ ಒಲೆಯ ಪಾಲಾಗುತ್ತದೆ.

"ಅತ್ತೆ, ಇದಕ್ಕೂ ಇಷ್ಟು ಹುಯ್ಯಲಾ?"

"ಬೇಡ. ಅದು ಬ್ಯಾಸಿಗೇಲಿ ಉಳಿಯಾಕಿಲ್ಲ."

ನೀರು ಹಾಕದಿದ್ದರೆ ಯಾವುದು ತಾನೆ ಉಳಿಯುತ್ತದೆ? ಕೇಳಬೇಕೆನಿಸಿತು. ಹೊಸ ಸೊಸೆ, ಸುಮ್ಮನಾದೆ.

ಉತ್ತರ ಸಿಕ್ಕಿದ್ದು ಮಳೆ ಬಿದ್ದ ಮೇಲೆ.

ನಮ್ಮ ಮಾವನವರದು ಅಣ್ಣ ತಮ್ಮ ಇಬ್ಬರ ಮನೆ. ಅಣ್ಣನ ಹೆಂಡತಿ ಸಿದ್ದಮ್ಮನವರು ನಮ್ಮತ್ತೆಗೆ ಅಕ್ಕ, ನನಗೆ ದೊಡ್ಡತ್ತೆ. ಅವರ ಮಗ ರುದ್ರಪ್ಪ. ಪಾಲಾದಾಗ ಹೊಲ, ತೆಂಗಿನ ತೋಟ, ದನ, ಎಲ್ಲ ಜಗಳವಿಲ್ಲದೆ ಹಂಚಿಕೆಯಾದುವು. ಹಂಚಲು ಬಾರದೆ ಉಳಿದದ್ದು ಒಂದು ಒರಳುಕಲ್ಲು. ಅದು ಹಳೆಯ ಮನೆಯಲ್ಲೇ, ದೊಡ್ಡತ್ತೆಯ ಪಾಲಿಗೆ ಉಳಿಯಿತು. "ಕಲ್ಲು ಇಟ್ಕೊಂಡ್ಲು, ಮನ್ಸೂ ಕಲ್ಲೇ" ಎಂದರಂತೆ ನಮ್ಮತ್ತೆ. ಅದು ಅವರ ಕಿವಿಗೂ ಬಿತ್ತು. ಅಂದಿನಿಂದ ಓರಗಿತ್ತಿಯರಿಬ್ಬರಿಗೂ ಮಾತಿಲ್ಲ. ಗಂಡಸರು ಮಾತಾಡುತ್ತಾರೆ, ಮಕ್ಕಳು ಒಂದೇ ಎಲೆಯಲ್ಲಿ ಉಣ್ಣುತ್ತಾರೆ, ಎರಡೂ ಮನೆ ಒಂದೇ ಬೀದಿಯಲ್ಲಿವೆ. ಇವರಿಬ್ಬರು ಮಾತ್ರ ಎದುರಾದರೆ ಒಬ್ಬರು ಆಕಾಶ ನೋಡುತ್ತಾರೆ, ಇನ್ನೊಬ್ಬರು ಸೆರಗು ಸರಿಮಾಡಿಕೊಳ್ಳುತ್ತಾರೆ. (ನಾವು ಹೊಸ ಒರಳು ತಂದು ಎಷ್ಟೋ ವರ್ಷವಾಯಿತು. ಅದು ಇನ್ನೂ ಮರಳು ಬಿಡುತ್ತದೆ ಎಂಬುದು ಅತ್ತೆಯ ವಾದ.)

ಇನ್ನು ಗಿಡದ ವಿಷಯ. ನಮ್ಮ ಕಡೆ ಒಂದು ನಂಬಿಕೆಯಿದೆ: ಕೆಲವು ಗಿಡಗಳನ್ನು ಕೇಳಿ ಇಸಿದುಕೊಂಡು ತಂದು ನೆಟ್ಟರೆ ಹತ್ತುವುದಿಲ್ಲ, ಯಾರಿಗೂ ಕಾಣದಂತೆ ಮುರಿದು ತರಬೇಕು. ಗಿಡದ ಮನೆಯವರು ಕಂಡರೂ ಕಾಣದ ಹಾಗೆ ಇರಬೇಕು. ನನ್ನ ತವರು ಬುಕ್ಕಾಂಬುಧಿಯಲ್ಲಿ ಕೆರೆಯಂಗಳದ ಒಂದೆಲಗವನ್ನು ಯಾರು ಬೇಕಾದರೂ ಕೀಳಬಹುದು. ಅದಕ್ಕೇ ಈ ಕಳ್ಳತನದ ಕಟ್ಟಳೆ ನನಗೆ ಹೊಸದು.

ಆ ವರ್ಷ ಅತ್ತೆ ನನ್ನನ್ನೂ ಜೊತೆಗೆ ಕರೆದುಕೊಂಡು ಹೋದರು. ಊಟ ಮುಗಿದು ಬೀದಿ ತೂಕಡಿಸುವ ಹೊತ್ತು. ಹಿಂದಿನ ಸಂದಿಯಲ್ಲಿ ನಡೆದು ಹೋದೆವು. ದೊಡ್ಡತ್ತೆಯ ಹಿತ್ತಿಲ ಬಾಗಿಲಿಗೆ ಅಗುಳಿ ಹಾಕಿರಲಿಲ್ಲ. ಒಳಗೆ ಹೊಸ್ತಿಲ ಮೇಲೆ ದೊಡ್ಡತ್ತೆ ನಮಗೆ ಬೆನ್ನು ಹಾಕಿ ಕುಳಿತು ರಾಗಿ ಕೇರುತ್ತಿದ್ದರು. ಪಕ್ಕದಲ್ಲಿ ಬೆಕ್ಕು.

ಅತ್ತೆ ಗಿಡದ ಮುಂದೆ ಕುಕ್ಕರುಗಾಲಲ್ಲಿ ಕುಳಿತರು. ಆಗ ದೊಡ್ಡತ್ತೆ ತಿರುಗದೆಯೇ, ಗಟ್ಟಿಯಾಗಿ, ಬೆಕ್ಕಿನೊಡನೆ ಮಾತಿಗೆ ಶುರುಮಾಡಿದರು.

"ಈ ವರ್ಸ ಮಂಡಿ ನೋವು ಜಾಸ್ತಿ ಕಣೇ ಬೆಕ್ಕೇ. ಎಣ್ಣೆ ತಿಕ್ಕೋರು ಯಾರವ್ರೆ? ಇನ್ನ ರುದ್ರಂಗೆ ರೈಲಿನೋರು ಕೆಲ್ಸ ಕೊಡ್ತಾರಂತೆ."

ಅತ್ತೆ ದೊಡ್ಡಪತ್ರೆ ಗಿಡದ ಕಡೆ ಬಾಗಿ ಹೇಳಿದರು: "ಮಂಡಿಗೆ ಹರಳೆಣ್ಣೆ ಬಿಸಿ ಮಾಡ್ಕೊಂಡು ಹಚ್ಚಿದ್ರೆ ಆಯ್ತದೆ, ತಿಳೀತಾ ಗಿಡವೇ? ನಮ್ಮನೇಗೂ ಸೊಸೆ ಬಂದವ್ಳೆ. ಒಳ್ಳೇವ್ಳು. ದಿನಾ ಕೂತ್ಕೊಂಡು ಅದೇನೋ ಗೀಚ್ತಾಳೆ. ಸಾರಿಗೆ ಉಪ್ಪು ಹಾಕೋದೊಂದ್ ಮರೀತಾಳೆ."

ದೊಡ್ಡತ್ತೆಯ ಬೆನ್ನು ಅಲುಗಿತು. ನಗುತ್ತಿದ್ದರು. "ನೋಡೇ ಬೆಕ್ಕೇ, ಕೆಲವ್ರು ಮದುವ್ಯಾದ ಹೊಸ್ತಿನಲ್ಲಿ ಪಾಯಸಕ್ಕೇ ಉಪ್ಪು ಹಾಕಿದ್ರು. ಅದನ್ನೂ ನಾವು ಉಂಡ್ವಿ."

"ಹಳೇದೆಲ್ಲ ಯಾಕೆ ಎತ್ತಾರೋ ಗಿಡವೇ" ಎಂದು ಅತ್ತೆ ಮುಖ ಕೆಂಪಗೆ ಮಾಡಿಕೊಂಡರು.

ಹೀಗೇ ಒಂದು ವರ್ಷದ ಸುದ್ದಿಯೆಲ್ಲ ಬೆಕ್ಕಿನ ಮೂಲಕ ಬಂತು, ಗಿಡದ ಮೂಲಕ ಹೋಯಿತು. ಒಂದು ಕಡ್ಡಿ ಮುರಿಯಲು ಎಷ್ಟು ಹೊತ್ತು ಬೇಕು? ನಾವು ಮನೆಗೆ ಬಂದಾಗ ಎಮ್ಮೆ ಕರೆಯುವ ವೇಳೆಯಾಗಿತ್ತು.

ಆಗ ತಿಳಿಯಿತು, ಅತ್ತೆ ಆ ಗಿಡಕ್ಕೆ ನೀರು ಹಾಕದೆ ಏಕೆ ಒಣಗಿಸುತ್ತಾರೆಂದು. ಅದು ಉಳಿದರೆ ಮತ್ತೆ ಕದಿಯಲು ಹೋಗುವುದೇಕೆ?

ಅದರ ಚಟ್ನಿ ನಮ್ಮ ಮನೆತನದ್ದು. ಅತ್ತೆಯ ಅತ್ತೆ ಇಬ್ಬರು ಸೊಸೆಯರನ್ನೂ ಒಟ್ಟಿಗೆ ಕೂರಿಸಿ ಕಲಿಸಿದ್ದಂತೆ. ಎಲೆಯನ್ನು ತುಪ್ಪದಲ್ಲಿ ಬಾಡಿಸಬೇಕು, ಹಸಿ ವಾಸನೆ ಹೋಗಬೇಕು, ಘಮ ಹೋಗಬಾರದು. ಮೆಣಸು, ಜೀರಿಗೆ, ಕಾಯಿತುರಿ, ಒಂಚೂರು ಹುಣಿಸೆ, ಅದಕ್ಕಿಂತ ಚೂರು ಬೆಲ್ಲ. ಅರೆದ ಮೇಲೆ ಒರಳಿಗೆ ಮಜ್ಜಿಗೆ ಬಿಟ್ಟು ತೊಳೆದು, ಆ ತೊಳೆದದ್ದನ್ನೂ ಸೇರಿಸಬೇಕು. ಅದನ್ನು ಚೆಲ್ಲಿದವಳು ಆ ಮನೆಯ ಸೊಸೆಯೇ ಅಲ್ಲವಂತೆ. ಅಕ್ಕಿರೊಟ್ಟಿಗೆ ಹಚ್ಚಿಕೊಂಡು ತಿಂದರೆ, ಇನ್ನೊಂದು ರೊಟ್ಟಿ ಬೇಡ ಎನ್ನುವವರನ್ನು ನಾನು ಕಂಡಿಲ್ಲ.

ಈಗ ಈ ವರ್ಷದ ಕಥೆ.

ರುದ್ರಪ್ಪನಿಗೆ ರೈಲಿನಲ್ಲಿ ಕೆಲಸ ಸಿಕ್ಕಿತ್ತು. ಈಗ ಶಿವನಿ ಸ್ಟೇಷನ್ನಿಗೆ ಟ್ರಾನ್ಸ್‌ಫರ್ ಆಯಿತು. ದೊಡ್ಡ ಮಾವ ಈಗಿಲ್ಲ; ತಾಯಿಯನ್ನೂ ಕರೆದುಕೊಂಡು ಹೋಗುತ್ತಾನೆ, ಹಳೆಯ ಮನೆಗೆ ಬೀಗ. ಸುದ್ದಿ ಕೇಳಿದ ದಿನ ಅತ್ತೆ ಹಿತ್ತಿಲಿಗೆ ಹೋಗಿ ಮೂಲೆಯ ಮಣ್ಣನ್ನು ಸಡಿಲ ಮಾಡಿ ಪಾತಿ ಕಟ್ಟಿದರು. ಹಿಂದಿನ ವರ್ಷದ್ದು ಎಂದಿನಂತೆ ಒಣಗಿಹೋಗಿತ್ತು.

"ಒಂದ್ ಮಳೆ ಬೀಳ್ಲಿ, ಹೋಗಾನ. ಈ ಸಲ ಸ್ವಲ್ಪ ಹೊತ್ತು ಜಾಸ್ತಿ ಆಯ್ತದೆ" ಎಂದರು. ದನಿಯಲ್ಲಿ ಏನೋ ನಿರ್ಧಾರವಿತ್ತು. ಗಿಡದ ಕಡೆ ಬಾಗದೆ, ನೇರವಾಗಿ ಅಕ್ಕನ ಕಡೆಗೇ ತಿರುಗಿ ಒಂದು ಮಾತು ಆಡುತ್ತಾರೇನೋ ಎಂದು ನಾನು ಆಸೆಪಟ್ಟೆ.

ಭಾನುವಾರ ರಾತ್ರಿ ಮಳೆ ಬಿತ್ತು. ಸೋಮವಾರ ಬೆಳಗ್ಗೆ, ನಾವು ಹೊರಡುವ ಮೊದಲೇ, ರುದ್ರಪ್ಪ ಬಂದ. ತಲೆಯ ಮೇಲೆ ಮಂಕರಿ. ಮಂಕರಿಯ ತುಂಬ ಗಿಡ. ಕರಿಬೇವಿನ ಸಸಿ, ಮಜ್ಜಿಗೆ ಹುಲ್ಲಿನ ಬುಡ, ಮರುಗ, ಎಲ್ಲಕ್ಕಿಂತ ಮೇಲೆ ಸೊಂಪಾದ ದೊಡ್ಡಪತ್ರೆ, ಬೇರು ಮಣ್ಣು ಸಮೇತ.

"ಚಿಕ್ಕವ್ವಾ, ತಗೊಳ್ಳಿ. ವರ್ಸಾ ವರ್ಸಾ ಯಾಕ್ ಕದ್ದು ತರ್ತೀರಿ? ಇನ್ಮೇಲೆ ಸಂದೀಲಿ ನಡ್ಕೊಂಡು ಬರೋ ತೊಂದ್ರೆ ಇಲ್ಲ. ಗುರುವಾರ ಹೊರಡ್ತೀವಿ."

ಅತ್ತೆ ಮಂಕರಿಯನ್ನೇ ನೋಡುತ್ತ ನಿಂತರು. "ಅಕ್ಕ ಕಳಿಸಿದ್ಲಾ?"

"ಹೂಂ ಮತ್ತೆ. ಅವ್ವನೇ ಕಳಿಸಿದ್ದು" ಎಂದ ರುದ್ರಪ್ಪ, ನಗುನಗುತ್ತ.

ಪೆದ್ದಿ ನಾನು. "ಒಳ್ಳೇದಾಯ್ತಪ್ಪ" ಎಂದು ಮಂಕರಿ ಇಳಿಸಿಕೊಂಡೆ.

ಅವನು ಹೋದ ಮೇಲೆ ಅತ್ತೆ ಒಳಗೆ ಬಂದು ಒಲೆಯ ಮುಂದೆ ಕುಳಿತರು.

"ಅತ್ತೆ, ಮಧ್ಯಾಹ್ನ ಹೋಗಿಬರೋಣವಾ?"

"ಎಲ್ಲಿಗೆ?"

"ದೊಡ್ಡತ್ತೆ ಮನೆಗೆ."

"ಕೈಯಾರೆ ಕೊಟ್ಟು ಕಳಿಸವ್ಳಲ್ಲ, ಇನ್ನ ಯಾತಕ್ಕೆ ಹೋಗ್ಲಿ? ಬರಬ್ಯಾಡ ಅನ್ನೋಕೆ ಬಾಯೇ ಬೇಕಾ? ಮಂಕರೀಲಿ ತುಂಬಿ ಕಳಿಸಿದ್ರೆ ಆಯ್ತಲ್ಲ."

ಕದಿಯಲು ಬಿಡುವುದು ಬಾ ಎಂದು ಕರೆದ ಹಾಗೆ. ಕೊಟ್ಟು ಕಳಿಸುವುದು ಬಾಗಿಲು ಹಾಕಿದ ಹಾಗೆ. ಇದನ್ನು ರೈಲಿನ ಕ್ಲಾರ್ಕಿಗೆ ಯಾರು ಹೇಳಿಕೊಡಬೇಕು? ನಾನೂ ಆ ಹೊತ್ತಿಗೆ ಅರ್ಥ ಮಾಡಿಕೊಂಡದ್ದು ಅರ್ಧವೇ. ಸೋಮವಾರ ಕೇಳಿದೆ, ಮಂಗಳವಾರ ಕೇಳಿದೆ. ಬುಧವಾರ ಕೇಳಿದಾಗ ಅತ್ತೆ, "ನೀನೇ ಹೋಗವ್ವ, ಹೋಗಿ ಬರ್ಕೊಂಡು ಬಾ" ಎಂದು ಗದರಿದರು.

ಗುರುವಾರ ಬೆಳಗ್ಗೆ ಗಾಡಿ ನಮ್ಮ ಮನೆಯ ಮುಂದೆಯೇ ಸ್ಟೇಷನ್ನಿನ ಕಡೆ ಹೊರಟಿತು. ಮುಂದೆ ರುದ್ರಪ್ಪ, ಹಿಂದೆ ಸಾಮಾನಿನ ನಡುವೆ ದೊಡ್ಡತ್ತೆ. ನಮ್ಮ ಬಾಗಿಲಿಗೆ ಸರಿಯಾಗಿ ಗಾಡಿ ನಿಂತಿತು. ಹಗ್ಗ ಸಡಿಲವಾಗಿದೆ ಎಂದು ದೊಡ್ಡತ್ತೆಯೇ ನಿಲ್ಲಿಸಿದ್ದು. ಹಗ್ಗ ಬಿಗಿಯಾಗಿಯೇ ಇತ್ತು, ನಾನು ಕಂಡೆ.

"ಹೊರಟ್ವಿ ಕಣೋ ಬಸವಣ್ಣ" ಎಂದರು ದೊಡ್ಡತ್ತೆ ಎತ್ತಿಗೆ, ಬೀದಿಗೆಲ್ಲ ಕೇಳುವಂತೆ. "ಶಿವನಿ ಏನ್ ದೂರ ಇಲ್ಲ. ಆದ್ರೂ ಊರು ಬಿಟ್ಟಂಗೇ ಅಲ್ವಾ? ಮಂಡಿ ನೋವು ಪರವಾಗಿಲ್ಲ. ಹರಳೆಣ್ಣೆ ಹಚ್ತಿದೀನಿ."

ನಾನು ಒಳಗೆ ಓಡಿದೆ. ಅತ್ತೆ ಊದುಗೊಳವೆ ಹಿಡಿದು ಧಗಧಗ ಉರಿಯುತ್ತಿದ್ದ ಒಲೆಯನ್ನೇ ಊದುತ್ತಿದ್ದರು.

"ಅತ್ತೆ, ದೊಡ್ಡತ್ತೆ ಮಾತಾಡ್ತಾ ಇದಾರೆ."

"ಎತ್ತಿನ ಜೊತೆ ತಾನೆ?"

ಮತ್ತೆ ಊದಿದರು. ಹೊರಗೆ ದೊಡ್ಡತ್ತೆ ಸ್ವಲ್ಪ ಕಾದರು. ಆಮೇಲೆ, "ಹೊಡಿಯಪ್ಪ" ಎಂದದ್ದು ಕೇಳಿಸಿತು. ಗಾಡಿ ಹೋಯಿತು.

ರುದ್ರಪ್ಪ ಬೀಗದ ಕೈಯನ್ನು ನಮ್ಮ ಮನೆಯವರ ಕೈಗೆ ಕೊಟ್ಟು ಹೋಗಿದ್ದ. ಒಂದು ವಾರ ಅದು ಮೊಳೆಯಲ್ಲಿ ನೇತಾಡಿತು. ಮುಂದಿನ ಶುಕ್ರವಾರ ಅತ್ತೆ, "ಮನೆ ಗುಡಿಸ್ದೆ ಬಿಟ್ರೆ ಗೆದ್ದಲು ಹತ್ತದೆ" ಎಂದರು. ಬೀಗದ ಕೈ ನನ್ನ ಸೊಂಟದಲ್ಲಿದ್ದರೂ ಅವರು ಹೋದದ್ದು ಮುಂಬಾಗಿಲಿಗಲ್ಲ. ಹಿಂದಿನ ಸಂದಿಗೆ.

ಹಿತ್ತಿಲ ಬಾಗಿಲಿಗೆ ಅಗುಳಿ ಹಾಕಿರಲಿಲ್ಲ.

ಒಳಗೆ ನೆಲದ ತುಂಬ ಗುಂಡಿಗಳು, ಗಿಡ ಕಿತ್ತ ಗುರುತು. ಆದರೆ ಗೋಡೆಯ ಪಕ್ಕದಲ್ಲಿ, ಅತ್ತೆ ಪ್ರತಿ ವರ್ಷ ಕೂರುವ ಜಾಗದಲ್ಲಿ, ದೊಡ್ಡಪತ್ರೆಯ ಒಂದು ಗಿಡ ಹಾಗೇ ಇತ್ತು. ಸುತ್ತ ಅಚ್ಚುಕಟ್ಟಾಗಿ ಪಾತಿ ಕಟ್ಟಿತ್ತು. ವಾರದ ಬಿಸಿಲಿಗೆ ಎಲೆ ಜೋತುಬಿದ್ದಿತ್ತು.

ಪಕ್ಕದ ಮನೆಯ ಗಂಗಮ್ಮ ಗೋಡೆಯ ಮೇಲಿಂದ ಇಣುಕಿದರು.

"ಈಗ ಬಂದ್ರಾ ಗೌರಮ್ಮ? ನಿಮ್ಮಕ್ಕ ಮೂರು ದಿನ ಆ ಹೊಸ್ತಿಲು ಬಿಟ್ಟು ಏಳ್ಲಿಲ್ಲ ಕಣ್ರೀ. ಸಾಮಾನು ಕಟ್ಟೋದು ಬಿಟ್ಟು ಬೆನ್ನು ತಿರುಗಿಸ್ಕೊಂಡು ಕೂತಿದ್ರು. ರುದ್ರ ಹೇಳ್ದೆ ಕೇಳ್ದೆ ಗಿಡ ಎಲ್ಲ ಕಿತ್ತು ಹೊತ್ಕೊಂಡು ಹೋದ್ನಲ್ಲ, ಬಂದ್ಮೇಲೆ ಏನ್ ಬೈದ್ರು ಅಂತೀರಿ! ಮಿಕ್ಕ ಇದೊಂದನ್ನ ಮುಟ್ಟಿದ್ರೆ ಕೈ ಮುರೀತೀನಿ ಅಂದ್ರು. ಹೊರಡೋ ದಿನಾನೂ ನೀರು ಹಾಕಿ, ಬಾಗಿಲು ಹಂಗೇ ಬಿಟ್ಟಿರು ಅಂದ್ರು."

ಅತ್ತೆ ಗಿಡದ ಮುಂದೆ ಕುಕ್ಕರುಗಾಲಲ್ಲಿ ಕುಳಿತರು. ಅಭ್ಯಾಸಬಲದಿಂದ ಹೊಸ್ತಿಲ ಕಡೆ ನೋಡಿದರು. ಹೊಸ್ತಿಲ ಮೇಲೆ ಒಂದಿಷ್ಟು ರಾಗಿ ಹೊಟ್ಟು ಬಿದ್ದಿತ್ತು.

"ಕಳಿಸಿದ್ದು ನೀನಲ್ವಾ ಅಕ್ಕಾ?" ಎಂದರು.

ಎಷ್ಟೋ ವರ್ಷಗಳ ಮೇಲೆ ಅಕ್ಕನಿಗೆ ನೇರವಾಗಿ ಆಡಿದ ಮಾತು. ಕೇಳಲು ಬೆಕ್ಕೂ ಇರಲಿಲ್ಲ.

ರುದ್ರಪ್ಪನನ್ನು ಬೈಯೋಣವೇ? ತಾನೇ ಕಿತ್ತು ತಂದದ್ದಕ್ಕೆ ತಾಯಿಯ ಹೆಸರು ಹೇಳಿದ, ಅದೂ ಚಿಕ್ಕವ್ವನಿಗೆ ಖುಷಿಯಾಗಲಿ ಎಂದು. ನಾವೆಲ್ಲರೂ ಹೇಳುತ್ತೇವೆ ಅಂಥ ಒಳ್ಳೆಯ ಸುಳ್ಳು. ನೆಂಟರ ಮನೆಯ ಬುತ್ತಿ ಬಿಚ್ಚುವಾಗ, ಅಮ್ಮ ನಿಮ್ಮನ್ನು ತುಂಬ ಕೇಳಿದರು ಎನ್ನುವುದಿಲ್ಲವೇ? ಒಂದು ಒಳ್ಳೆಯ ಮಾತು ಎಲ್ಲಿ ಹೋಗಿ ಹೇಗೆ ತಗಲುತ್ತದೆ ಎಂದು ಯಾರು ಲೆಕ್ಕ ಇಟ್ಟಾರು? ನಾನೂ ಇಟ್ಟಿಲ್ಲ.

ಅತ್ತೆ ಒಂದು ಕಡ್ಡಿ ಮುರಿದು ಸೆರಗಿನಲ್ಲಿ ಮುಚ್ಚಿಕೊಂಡು ತಂದರು. ಯಾರೂ ಇಲ್ಲದ ಮನೆಯಿಂದ ತಂದದ್ದು ಕದ್ದ ಹಾಗಾಗುತ್ತದೆಯೇ, ತಿಳಿಯದು. ಅದು ಹತ್ತಲಿಲ್ಲ, ಐದಾರು ದಿನದಲ್ಲಿ ಕೊಳೆಯಿತು. ರುದ್ರಪ್ಪ ಮಂಕರಿಯಲ್ಲಿ ತಂದುಕೊಟ್ಟದ್ದೋ, ಮೂಲೆಯ ಪಾತಿ ತುಂಬಿ ಹಬ್ಬಿದೆ. ಕೊಟ್ಟದ್ದು ಹತ್ತುವುದಿಲ್ಲವೆಂಬ ನಂಬಿಕೆ ಸುಳ್ಳಾಯಿತು. ಇಷ್ಟು ಸೊಂಪಾಗಿ ಸುಳ್ಳಾಗಬೇಕಿತ್ತೇ?

ನಿನ್ನೆ ಅದರದೇ ಚಟ್ನಿ ಅರೆದೆ. ಒರಳು ತೊಳೆದ ಮಜ್ಜಿಗೆಯನ್ನೂ ಸೇರಿಸಿದೆ, ಉಪ್ಪನ್ನೂ ಮರೆಯಲಿಲ್ಲ. ರುಚಿಯಲ್ಲಿ ಏನಾದರೂ ಕಡಿಮೆಯಿದ್ದಿದ್ದರೆ ಒಂದು ಸಮಾಧಾನವಿರುತ್ತಿತ್ತು. ಏನೂ ಕಡಿಮೆಯಿರಲಿಲ್ಲ. ಅತ್ತೆ ಒಂದು ತುತ್ತು ತಿಂದು, "ಚೆನ್ನಾಗದೆ" ಎಂದು ಎದ್ದರು. ಇನ್ನೊಂದು ರೊಟ್ಟಿ ಬೇಡವೆಂದರು.

"ಒಂದು ಡಬ್ಬೀಲಿ ಹಾಕಿಕೊಡ್ತೀನಿ, ಅತ್ತೆ. ಬೆಳಗ್ಗೆ ರೈಲಿಗೆ ಹೋದ್ರೆ ಮಧ್ಯಾಹ್ನದೊಳಗೆ ಶಿವನಿ. ನಾನೂ ಬರ್ತೀನಿ" ಎಂದೆ.

ಅತ್ತೆ ಬಹಳ ಹೊತ್ತು ಕೈ ತೊಳೆದರು. ಆಮೇಲೆ ಕೇಳಿದರು: "ಆ ಕ್ವಾರ್ಟರ್ಸಿಗೆ ಹಿತ್ತಿಲು ಅದಾ?"

ನಮ್ಮ ಮನೆಯವರು ಹೋಗಿ ನೋಡಿ ಬಂದಿದ್ದಾರೆ. ಎರಡು ಕೋಣೆ, ಒಂದೇ ಬಾಗಿಲು, ಎದುರಿಗೇ ರೈಲು ಕಂಬಿ. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಮುಂಬಾಗಿಲು ಬಿಟ್ಟರೆ ಬೇರೆ ಬಾಗಿಲೇ ಇಲ್ಲದ ಮನೆಗೆ ನಮ್ಮ ಅತ್ತೆ ಹೋಗುವುದಾದರೂ ಹೇಗೆ?