ಅಪ್ರದಕ್ಷಿಣೆ ಹಾಕಿದ ಚೌಡಪ್ಪ ಮೇಸ್ತ್ರಿ

ಗಣಪತಿ ಗುಡಿಯ ಸುತ್ತ ಕಾರನ್ನು ಅಪ್ರದಕ್ಷಿಣವಾಗಿ ಓಡಿಸಿದ ಎಂಬ ಒಂದೇ ಕಾರಣಕ್ಕೆ ಶಂಕರಪುರದ ನಮ್ಮ ಬೀದಿಯ ಹಿರಿಯರು ಚೌಡಪ್ಪ ಮೇಸ್ತ್ರಿಯ ಅನ್ನಕ್ಕೆ ಕಲ್ಲು ಹಾಕಿದರು. ಹಾಕಿದವರಲ್ಲಿ ಮೊದಲನೆಯವರು ಗುಡಿಯ ಧರ್ಮದರ್ಶಿಗಳು. ಎರಡನೆಯವರು, ಹೇಳಲು ನಾಚಿಕೆಯಾದರೂ ಹೇಳುತ್ತೇನೆ, ನನ್ನ ಸ್ವಂತ ದೊಡ್ಡಪ್ಪ. ಸ್ವಾತಂತ್ರ್ಯ ಬಂದ ಎರಡು ಮೂರು ವರ್ಷಗಳ ಅನಂತರದ ಮಾತು. ಇಬ್ಬರೂ ಈಗಿಲ್ಲ. ತೀರಿಕೊಂಡವರನ್ನು ಬೈಯಬಾರದು ಎನ್ನುತ್ತಾರೆ. ಬದುಕಿದ್ದಾಗ ಬೈಯಲು ಅವರು ಬಿಟ್ಟಿದ್ದರೆ ನನಗೂ ಈಗ ಈ ಕಷ್ಟವಿರುತ್ತಿರಲಿಲ್ಲ.

ಚೌಡಪ್ಪನ ಷೆಡ್ಡು ಚಾಮರಾಜಪೇಟೆಯ ಒಂದು ಹೊಂಗೆಮರದ ಕೆಳಗಿತ್ತು. ಯುದ್ಧಕಾಲದಲ್ಲಿ ಮಿಲಿಟರಿ ಲಾರಿಗಳನ್ನು ಬಿಚ್ಚಿ ಕಟ್ಟಿ ಕೆಲಸ ಕಲಿತವನು. ಕಾರು ತಂದವರ ಮುಖವನ್ನು ಅವನು ನೋಡುತ್ತಿರಲಿಲ್ಲ, ಚಕ್ರಗಳನ್ನು ನೋಡುತ್ತಿದ್ದ. ಮಾಲೀಕರು ರೋಗದ ಪುರಾಣ ತೆಗೆದರೆ ಗ್ರೀಸಿನ ಕೈಯೆತ್ತಿ ತಡೆಯುತ್ತಿದ್ದ: “ಗಾಡಿ ಮಾತಾಡ್ತಾ ಐತೆ ಬುದ್ಧಿ. ಅದ್ರುದು ಮುಗೀಲಿ, ಆಮೇಲೆ ನೀವು.” ಹೀಗೆ ಬಾಯಿ ಮುಚ್ಚಿಸಿಕೊಂಡ ದೊಡ್ಡಮನುಷ್ಯರು ಬಹಳ ಮಂದಿ. ಅವರಲ್ಲಿ ಒಬ್ಬರೂ ಅದನ್ನು ಮರೆತಿರಲಿಲ್ಲವೆಂಬುದು ಆಮೇಲೆ ತಿಳಿಯಿತು.

ದೊಡ್ಡಪ್ಪನ ವಿಲಾಯಿತಿ ಕಾರು ಬಲಕ್ಕೆ ತಿರುಗಿದಾಗಲೆಲ್ಲ ರಾಗಿ ಬೀಸಿದಂತೆ ಸದ್ದು ಮಾಡತೊಡಗಿತು. ದಂಡಿನ, ಅಂದರೆ ಕಂಟೋನ್ಮೆಂಟಿನ, ಕಡೆಯ ಒಂದು ದೊಡ್ಡ ಗ್ಯಾರೇಜಿನವರು ಬಲಗಡೆಯ ಚಕ್ರವನ್ನು ಎರಡು ಸಲ ಬಿಚ್ಚಿ, ಎರಡು ಸಲ ತೊಡಿಸಿ ಕಳಿಸಿದರು. ದೊಡ್ಡಪ್ಪ ನಿಂಬೆಹಣ್ಣನ್ನೂ ಅದೇ ಚಕ್ರದ ಅಡಿಗೆ ಇಟ್ಟರು. ಸದ್ದು ಯಾರನ್ನೂ ಲಕ್ಷಿಸಲಿಲ್ಲ. ಕೊನೆಗೆ ಚೌಡಪ್ಪನಿಗೆ ಹೇಳಿಕಳಿಸಿದರು.

ಅವನು ಬಂದದ್ದು ಒಂದು ಶನಿವಾರ ಬೆಳಿಗ್ಗೆ. ಕಾರನ್ನು ಒಂದೇ ಸಮನೆ ಸುತ್ತು ಹೊಡೆಸಲು ಜಾಗ ಬೇಕೆಂದ. ನಮ್ಮ ಬೀದಿಯ ತುದಿಯಲ್ಲಿ, ನಾಲ್ಕು ರಸ್ತೆ ಕೂಡುವ ಕಡೆ, ನಟ್ಟನಡುವೆ ಗಣಪತಿ ಗುಡಿ, ಸುತ್ತಲೂ ರಸ್ತೆ. ದೊಡ್ಡಪ್ಪ ಅವನ ಪಕ್ಕದಲ್ಲಿ, ಕಾಲೇಜಿನ ಕೊನೆಯ ವರ್ಷದಲ್ಲಿದ್ದ ನಾನು ಹಿಂದೆ ಕುಳಿತೆವು. ದೇವರನ್ನು ಬಲಕ್ಕಿಟ್ಟುಕೊಂಡು ಮೂರು ಸುತ್ತು ಹಾಕಿದ: ಸದ್ದು. ಕಾರನ್ನು ಹಿಂದುಮುಂದಾಗಿ ತಿರುಗಿಸಿಕೊಂಡು, ಎಡಕ್ಕೆ ಮೂರು ಸುತ್ತು ಹಾಕಿದ: ಸದ್ದೇ ಇಲ್ಲ. ಅವನ ಮುಖ ಅರಳಿತು. ಅಷ್ಟರಲ್ಲಿ ಧರ್ಮದರ್ಶಿಗಳು ಮಡಿಪಂಚೆ ಎತ್ತಿಕೊಂಡು ಓಡಿಬಂದು ಕಾರಿಗೆ ಅಡ್ಡ ನಿಂತರು.

“ಏನೋ ಇದು? ದೇವರಿಗೆ ಅಪ್ರದಕ್ಷಿಣೆ ಹಾಕ್ತೀಯಾ? ಬೀದಿಗೇ ಕೇಡು ತರ್ತೀಯೇನೋ?”

“ನಾನು ಸುತ್ತಿದ್ದು ದೇವರನ್ನಲ್ಲ ಸ್ವಾಮಿ, ಬೇರಿಂಗಿಗೋಸ್ಕರ,” ಎಂದ ಚೌಡಪ್ಪ. “ಬಲಕ್ಕೆ ತಿರುಗಿದ್ರೆ ಭಾರ ಎಲ್ಲಾ ಎಡಗಡೆ ಚಕ್ರದ ಮೇಲೆ ಬೀಳ್ತದೆ. ಆವಾಗ ಅರಚ್ತದೆ. ಎಡಕ್ಕೆ ತಿರುಗಿದ್ರೆ ಸುಮ್ಕಿರ್ತದೆ. ಕೆಟ್ಟಿರೋದು ಎಡಗಡೇದು. ಎರಡೂ ಕಡೆ ತಿರುಗಿಸ್ದೆ ಹೆಂಗೆ ತಿಳೀತದೆ?”

“ತಿಳೀದೇ ಇದ್ರೆ ಬಿಡು! ಶಾಸ್ತ್ರಕ್ಕಿಂತ ನಿನ್ನ ಬೇರಿಂಗು ದೊಡ್ಡದೇನೋ?”

“ಚಿಕ್ಕದೇ ಸ್ವಾಮಿ. ಆದ್ರೆ ಅದು ಪುಡಿಯಾದ್ರೆ ಚಕ್ರ ಕಳಚ್ಕೊಂಡು ನೆಟ್ಟಗೆ ನಿಮ್ಮ ಗರ್ಭಗುಡಿಗೇ ಬರ್ತದೆ.”

ಅಲ್ಲಿಯೇ ಜಾಕು ಕೊಟ್ಟು ಎಡ ಚಕ್ರ ಬಿಚ್ಚಿದ. ಸವೆದ ಬೇರಿಂಗಿನೊಳಗಿಂದ ಎರಡು ಹೋಳಾಗಿದ್ದ ಉಕ್ಕಿನ ಗುಂಡೊಂದನ್ನು ಹೊರತೆಗೆದು ದೊಡ್ಡಪ್ಪನ ಅಂಗೈಯಲ್ಲಿಟ್ಟ. ದೊಡ್ಡಪ್ಪ ಅದನ್ನು ನೋಡಿದರು. ಅವರು ನೋಡಿದ್ದನ್ನು ನಾನು ನೋಡಿದೆ. ಸಂಜೆಯೊಳಗೆ ಹೊಸ ಬೇರಿಂಗು ಕುಳಿತಿತು, ಸದ್ದು ಹೋಯಿತು.

ಮುಂದಿನ ತಿಂಗಳು ಧರ್ಮದರ್ಶಿಗಳ ಮಗ ಇಂಟರ್‌ಮೀಡಿಯೆಟ್‌ನಲ್ಲಿ ಫೇಲಾದ. ಅದು ಅವನ ಮೂರನೆಯ ಫೇಲು. ಮೊದಲಿನ ಎರಡಕ್ಕೆ ಯಾವ ಕಾರು ಯಾವ ಕಡೆ ತಿರುಗಿತ್ತೋ ನಾನರಿಯೆ. ಈ ಸಲ ಮಾತ್ರ ಕಾರಣ ಕೈಗೆ ಸಿಕ್ಕಿತು. ಗುಡಿಯಲ್ಲಿ ಸಭೆ ಸೇರಿತು. ಚೌಡಪ್ಪನಿಗೆ ಬೀದಿಯ ಯಾರೂ ಕೆಲಸ ಕೊಡಕೂಡದು. ಬಸವನಗುಡಿಯ, ವಿಶ್ವೇಶ್ವರಪುರದ ನೆಂಟರಿಗೂ ತಿಳಿಸತಕ್ಕದ್ದು. ಚೌಡಪ್ಪ ಬಾಗಿಲಾಚೆ ನಿಂತು ದೊಡ್ಡಪ್ಪನೊಬ್ಬರನ್ನೇ ಕೇಳಿಕೊಂಡ: “ಒಂದು ಮಾತು ಹೇಳಿ ಬುದ್ಧಿ. ರೋಗ ಹುಡುಕೋಕೆ ಹಂಗೆ ಓಡಿಸ್ದ ಅಂತ. ನಾನು ಹೇಳಿದ್ರೆ ಇವರು ಕೇಳಾಕಿಲ್ಲ. ನೀವು ಹೇಳಿದ್ರೆ ನನ್ನ ಷೆಡ್ಡು ಉಳೀತದೆ.”

ದೊಡ್ಡಪ್ಪ ನಶ್ಯ ಏರಿಸಿದರು. ನಾನು ಎದ್ದು ಬಾಯಿ ತೆರೆದೆ. “ಹಿರಿಯರ ಮಧ್ಯೆ ಬಾಯಿ ಹಾಕೋದನ್ನ ಯಾವ ಕಾಲೇಜಲ್ಲಿ ಕಲಿಸಿದ್ರೋ ನಿಂಗೆ?” ಎಂದು ಅವರೇ ಗದರಿ ಕೂರಿಸಿದರು. ಅನಂತರ ಅವರಿಗೆ ಸೀನು ಬಂತು, ಮಾತು ಬರಲಿಲ್ಲ.

ಕಾರು ಇದ್ದ ಮನೆಗಳು ಆಗ ಎಷ್ಟು ತಾನೇ? ಆರು ತಿಂಗಳಲ್ಲಿ ಷೆಡ್ಡಿಗೆ ಬೀಗ ಬಿತ್ತು.

ಅವನನ್ನು ಕೊನೆಯ ಸಲ ಕಂಡದ್ದು ಬಳೇಪೇಟೆಯ ಒಂದು ಸಂದಿಯಲ್ಲಿ. ತಳ್ಳುಗಾಡಿಗಳ ಚಕ್ರ ಸರಿಮಾಡುತ್ತ ಕುಳಿತಿದ್ದ. ಕ್ಷಮೆ ಕೇಳಬೇಕೆಂದುಕೊಂಡು ಹತ್ತಿರ ಹೋದೆ. ಅವನೇ ಮೊದಲು ಕೇಳಿದ: “ನಿಮ್ಮ ದೊಡ್ಡಪ್ಪೋರ ಗಾಡಿ ಹೆಂಗೈತೆ?”

“ಚೆನ್ನಾಗಿದೆ ಮೇಸ್ತ್ರೀ.”

“ವರ್ಷಕ್ಕೊಂದ್ಸಲ ಚಕ್ರಕ್ಕೆ ಗ್ರೀಸು ತುಂಬಿಸೋಕೆ ಹೇಳಿ. ಅವರು ಮರೆಯೋ ಜನ.”

ಮುಂದಿನ ಬಾರಿ ಹೋದಾಗ ಆ ಸಂದಿಯಲ್ಲಿ ಬೇರೆ ಯಾರೋ ಇದ್ದರು. ಮೇಸ್ತ್ರಿ ಎಲ್ಲಿಗೆ ಹೋದನೆಂದು ಅವರಿಗೆ ತಿಳಿದಿರಲಿಲ್ಲ.

ದೊಡ್ಡಪ್ಪನ ಕಾರು ಅದಾದ ಮೇಲೂ ಎಷ್ಟೋ ವರ್ಷ ಓಡಿತು. ಧರ್ಮದರ್ಶಿಗಳು ಮಗನನ್ನು ಮದುವೆಗೆ ಕರೆದೊಯ್ದದ್ದು ಅದೇ ಕಾರಿನಲ್ಲಿ. ಪಕ್ಕದಲ್ಲಿ ಕುಳಿತಿದ್ದವರು ದೊಡ್ಡಪ್ಪ. ಹಿರಿಯರೇ, ಈಗ ನನ್ನನ್ನು ಕೂರಿಸುವವರು ಯಾರೂ ಇಲ್ಲ, ಆದುದರಿಂದ ಕೇಳುತ್ತೇನೆ: ಬೀದಿಗೆ ಕೇಡು ತಂದದ್ದು ಅವನ ಕೈಯಾಗಿದ್ದರೆ, ಆ ಕೈ ಕೂರಿಸಿದ ಬೇರಿಂಗನ್ನು ನೀವಿಬ್ಬರೂ ಏಕೆ ಬಿಚ್ಚಿ ಎಸೆಯಲಿಲ್ಲ?