ಮೊಣಕಾಲುಗಳ ನಡುವೆ ಒಂದು ಕೊಬ್ಬರಿ

೧೯೭೧ರಲ್ಲಿ ನಾನು ಓದು ನಿಲ್ಲಿಸಿದೆ. ಒಂಬತ್ತನೇ ತರಗತಿ ಅರ್ಧ ಆಗಿತ್ತು. ಆ ಶ್ರಾವಣದಲ್ಲಿ ಅಪ್ಪ ನಮ್ಮದೇ ತೋಟದ ಮರದಿಂದ ಬಿದ್ದು ಎಡಗಾಲು ಮುರಿದುಕೊಂಡ. ಮೂಳೆ ಕೂಡಿತು, ಆದರೆ ಸೊಟ್ಟಗೆ ಕೂಡಿತು. ಕೋಲು ಹಿಡಿದವನು ತೆಂಗಿನ ಮರ ಹತ್ತುವುದಾದರೂ ಹೇಗೆ? ನಮ್ಮ ತೋಟ ತಿಪಟೂರಿನಿಂದ ನೊಣವಿನಕೆರೆಗೆ ಹೋಗುವ ರಸ್ತೆಯ ಪಕ್ಕದಲ್ಲಿದೆ. ಪುಸ್ತಕದ ಚೀಲವನ್ನು ಗೂಟಕ್ಕೆ ನೇತುಹಾಕಿ, ಅಪ್ಪನ ಮಚ್ಚನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಾನು ಮೊದಲ ಮರ ಹತ್ತಿದ ದಿನ ಅವ್ವ ಬುಡದಲ್ಲೇ ನಿಂತಿದ್ದಳು. ಒಮ್ಮೆಯೂ ತಲೆ ಎತ್ತಿ ಮೇಲೆ ನೋಡಲಿಲ್ಲ. ನಾನು ಬಂದು ನಿಲ್ಲಬೇಕಾದ ನೆಲವನ್ನೇ ನೋಡುತ್ತಿದ್ದಳು.

ಶಾಲೆಯೊಂದನ್ನು ಬಿಟ್ಟರೆ ಕೈಗೆ ತೆಗೆದುಕೊಂಡ ಯಾವುದನ್ನೂ ನಾನು ಅರ್ಧಕ್ಕೆ ಬಿಟ್ಟವನಲ್ಲ. ವರ್ಷ ಕಳೆಯುವುದರೊಳಗೆ ಸುತ್ತಲಿನ ತೋಟದವರೂ ಕಾಯಿ ಕೀಳಲು ನನ್ನನ್ನೇ ಕರೆಯತೊಡಗಿದರು. ಬೆಳಿಗ್ಗೆಯಿಂದ ಮರ ಹತ್ತಿ ಇಳಿದರೂ ಸಂಜೆಗೆ ಮೈಯಲ್ಲಿ ಇನ್ನೂ ಏನೋ ಉಳಿದಿರುತ್ತಿತ್ತು. ಅದನ್ನು ಖರ್ಚು ಮಾಡಲು ದಾರಿ ಹುಡುಕುತ್ತಿದ್ದೆ. ಊರ ಮುಂದೆ ಬಿದ್ದಿದ್ದ ಗುಂಡುಕಲ್ಲನ್ನು ಮೊದಲು ಮೊಣಕಾಲಿಗೆ, ಆಮೇಲೆ ಎದೆಗೆ, ಕೊನೆಗೆ ಹೆಗಲಿಗೆ ಎತ್ತಿದೆ. ನೊಣವಿನಕೆರೆಯ ಕೆರೆ ತುಂಬಿದ ವರ್ಷ ಈ ದಡದಿಂದ ಆ ದಡಕ್ಕೆ ಈಜಿ, ಅಲ್ಲಿ ಕೂತು ಬೆಲ್ಲ ತಿಂದು, ಮತ್ತೆ ಈಜಿಕೊಂಡೇ ಬಂದೆ. ತುರುವೇಕೆರೆಯಲ್ಲಿ ಸೈಕಲ್ ಓಟ ಇಟ್ಟಾಗ ಎಲ್ಲರೂ ಹೊಸ ಸೈಕಲ್ಲು ತಂದರು. ನಾನು ಎಳನೀರು ಗೊನೆ ಹೇರುವ ಸೈಕಲ್ಲಿನ ಹಿಂದಿನ ಕ್ಯಾರಿಯರ್ ಬಿಚ್ಚಿಟ್ಟು ಓಡಿಸಿ ಎರಡನೆಯವನಾಗಿ ಬಂದೆ. ಬಹುಮಾನದ ಸ್ಟೀಲ್ ಚೆಂಬನ್ನು ಅವ್ವ ಮೊಸರಿಗೆ ಇಟ್ಟುಕೊಂಡಳು.

ಇಷ್ಟಕ್ಕೆಲ್ಲ ಅವ್ವ ಅಡ್ಡಿ ಮಾಡಲಿಲ್ಲ. ನೆಲದ ಮೇಲೆ, ನೀರಿನ ಮೇಲೆ ಏನು ಬೇಕಾದರೂ ಮಾಡಿಕೊ, ಎತ್ತರದ ಆಟ ಮಾತ್ರ ಬೇಡ ಅನ್ನುವುದು ಅವಳ ಮಾತು. ಮರ ಹತ್ತುವುದು ಹೊಟ್ಟೆಪಾಡು, ಅದಕ್ಕೆ ಮಾಫಿ ಇತ್ತು.

ಆ ಮಾತು ಮುರಿದದ್ದು ತಿಪಟೂರು ಬಸ್ ನಿಲ್ದಾಣದ ಹತ್ತಿರ ಸೈಕಲ್ ಶಾಪು ಇಟ್ಟಿದ್ದ ನನ್ನ ಗೆಳೆಯನಿಂದ. ಅವನು ಪಂಕ್ಚರ್ ಹಾಕುತ್ತ ಪೇಪರು ಓದುವವನು. ಒಂದು ದಿನ, ರಾಮನಗರದ ಬಂಡೆಗಳ ಮೇಲೆ ಹಗ್ಗ ಹಿಡಿದು ಹತ್ತುವ ಶಿಬಿರವಂತೆ, ಯಾರು ಬೇಕಾದರೂ ಬರಬಹುದಂತೆ ಎಂದ. ಸೊಂಟಕ್ಕೆ ಹಗ್ಗ ಕಟ್ಟಿರುತ್ತಾರೆ ಎಂದು ಅವ್ವನನ್ನು ಹೇಗೋ ಒಪ್ಪಿಸಿ ಹೋದೆ. ಅಲ್ಲಿ ಕಲಿಸುತ್ತಿದ್ದವರು ಸೇನೆಯಿಂದ ನಿವೃತ್ತರಾದ ಸುಬೇದಾರರು. ತೆಳ್ಳಗಿನ ಮೈ, ಬಿಳಿ ಮೀಸೆ, ಕೊಡಗಿನ ಕಡೆಯವರು. ಯಾರ ಹೆಸರನ್ನೂ ನೆನಪಿಟ್ಟುಕೊಳ್ಳದೆ ಊರಿನಿಂದಲೇ ಕರೆಯುತ್ತಿದ್ದರು. ನಾನು ಬಂಡೆಯನ್ನು ಮರದಂತೆ ತಬ್ಬಿ ಹತ್ತಿ ತುದಿ ಮುಟ್ಟಿದಾಗ, ತಿಪಟೂರಿಗೆ ಹಗ್ಗವೇ ಬೇಕಾಗಿಲ್ಲ ಎಂದು ನಕ್ಕರು. ಶಿಬಿರ ಮುಗಿದ ದಿನ ನನ್ನನ್ನು ಪಕ್ಕಕ್ಕೆ ಕರೆದು, ಬೆಂಗಳೂರಿನ ಹೊರಗೆ ಒಂದು ಸಣ್ಣ ವಿಮಾನದ ಮೈದಾನದಲ್ಲಿ ಪ್ಯಾರಾಚೂಟ್ ಕಲಿಸುತ್ತೇವೆ, ಬರುತ್ತೀಯಾ ಎಂದು ಕೇಳಿದರು.

ವಾಪಸು ಬರುವ ರೈಲಿನಲ್ಲಿ ನನಗೆ ಕೂರಲಾಗಲಿಲ್ಲ. ಬಾಗಿಲಲ್ಲಿ ನಿಂತು, ಗಾಳಿಗೆ ಮುಖ ಕೊಟ್ಟು, ತಿಪಟೂರು ಬರುವವರೆಗೂ ನಿಂತೇ ಬಂದೆ. ಆಕಾಶದಿಂದ ಹಾರಿ ಕಾಲ ಮೇಲೆ ಇಳಿಯುವುದು! ನಮ್ಮ ಕಡೆ ಎತ್ತರದಿಂದ ಬಿದ್ದವರು ಎಷ್ಟೋ ಜನ. ಬಿದ್ದು ಎದ್ದು ನಡೆದುಕೊಂಡು ಮನೆಗೆ ಬಂದವರನ್ನು ನಾನು ನೋಡಿರಲಿಲ್ಲ. ನೋಡಬೇಕಿತ್ತು. ಆ ಒಬ್ಬ ನಾನೇ ಆಗಬೇಕಿತ್ತು. ಇಳಿದವನೇ ಸೈಕಲ್ ಶಾಪಿಗೆ ಹೋಗಿ ಹೇಳಿದೆ. ಗೆಳೆಯ ಇಡೀ ಬಸ್ ನಿಲ್ದಾಣಕ್ಕೆ ಹೇಳಿದ. ಮನೆಗೆ ಮಾತ್ರ ಬಂಡೆಯ ಎರಡನೇ ಶಿಬಿರ ಎಂದು ಹೇಳಿ ಹೋದೆ.

ಮೊದಲ ಶನಿವಾರ, ಭಾನುವಾರ ನೆಲದ ಮೇಲಿನ ಪಾಠ. ಪ್ಯಾರಾಚೂಟಿನ ಕೊಡೆಯನ್ನು ನಾವು ಬಿಚ್ಚಬೇಕಾಗಿರಲಿಲ್ಲ. ವಿಮಾನಕ್ಕೆ ಕಟ್ಟಿದ ಪಟ್ಟಿಯೊಂದು ನಾವು ಹಾರಿದ ಕೂಡಲೇ ಎಳೆದು ಅದನ್ನು ಬಿಚ್ಚುತ್ತದೆ. ಕಲಿಯಬೇಕಾದದ್ದು ಇಳಿಯುವುದನ್ನು. ಎರಡು ಪಾದ, ಎರಡು ಮೊಣಕಾಲು ಅಂಟಿಸಿದಂತೆ ಜೋಡಿಸಿಕೊಂಡು ನೆಲ ಮುಟ್ಟಬೇಕು, ಮುಟ್ಟಿದ ಕೂಡಲೇ ಪಕ್ಕಕ್ಕೆ ಉರುಳಬೇಕು. ಕಾಲು ಅಗಲವಾದರೆ ಇಡೀ ಭಾರ ಒಂದೇ ಕಾಲಿಗೆ ಬೀಳುತ್ತದೆ. ಅದಕ್ಕೆಂದು ಮರದ ಅಟ್ಟಣೆ ಕಟ್ಟಿ ಕೆಳಗೆ ಮರಳು ಹಾಕಿದ್ದರು.

ಎಲ್ಲರಿಗಿಂತ ಮೊದಲು ಹತ್ತಿದವನು ನಾನು. ಹಾರಿದೆ. ಮರಳಿನಲ್ಲಿ ಬಿದ್ದಾಗ ನನ್ನ ಕಾಲುಗಳು ಕುದುರೆಯ ಮೇಲೆ ಕೂತವನ ಹಾಗೆ ಅಗಲವಾಗಿದ್ದವು. ಮತ್ತೆ ಹಾರಿದೆ, ಮತ್ತೆ ಅದೇ. ನೆಲದ ಮೇಲೆ ನಿಂತು ಜೋಡಿಸು ಅಂದರೆ ಜೋಡಿಸುತ್ತಿದ್ದೆ. ಗಾಳಿಯಲ್ಲಿ ಇದ್ದಾಗ ಮಾತ್ರ ಕಾಲು ನನ್ನ ಮಾತು ಕೇಳುತ್ತಿರಲಿಲ್ಲ. ಕಾಲೇಜಿನ ಹುಡುಗರು, ಬ್ಯಾಂಕಿನ ಒಬ್ಬ ಗುಮಾಸ್ತ ಎಲ್ಲ ಪಾಸಾದರು. ಭಾನುವಾರ ಸಂಜೆ ಸುಬೇದಾರರು ನನ್ನನ್ನು ಕೂರಿಸಿಕೊಂಡು ನೇರವಾಗಿ ಹೇಳಿದರು.

"ತಿಪಟೂರು, ನಿನ್ನಲ್ಲಿ ಧೈರ್ಯಕ್ಕೆ ಕಮ್ಮಿ ಇಲ್ಲ. ಆದರೆ ಕಾಲು ಹೀಗೇ ಇದ್ದರೆ ನಾನು ನಿನ್ನನ್ನು ವಿಮಾನ ಹತ್ತಿಸೋದಿಲ್ಲ. ಮುಂದಿನ ಶನಿವಾರ ಒಂದು ಸಲ ನೋಡ್ತೀನಿ. ಒಂದೇ ಸಲ."

ಅಷ್ಟು ದೂರದಿಂದ ತಲೆ ತಗ್ಗಿಸಿಕೊಂಡು ಬಂದರೆ, ಮನೆಯಲ್ಲಿ ಅವ್ವನಿಗೆ ಎಲ್ಲ ಗೊತ್ತಾಗಿತ್ತು. ಬಸ್ ನಿಲ್ದಾಣಕ್ಕೆ ಗೊತ್ತಾದದ್ದು ಸಂತೆಗೆ ಗೊತ್ತಾಗದಿರುತ್ತದೆಯೇ? ಅಪ್ಪ ಜಗುಲಿಯಲ್ಲಿ ಕೋಲು ಪಕ್ಕಕ್ಕಿಟ್ಟು ಕೂತಿದ್ದ. ಅವ್ವ ಒಳಗೆ ಅಟ್ಟದಿಂದ ಇಳಿಸಿದ ಕಾಯಿ ಒಡೆಯುತ್ತಿದ್ದಳು. ನಮ್ಮ ಕಡೆ ಬಲಿತ ಕಾಯನ್ನು ಸಿಪ್ಪೆಸಮೇತ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಲು ಬಿಡುತ್ತೇವೆ. ಒಳಗಿನ ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಆಮೇಲೆ ಸುಲಿದು, ಚಿಪ್ಪನ್ನು ಹುಷಾರಾಗಿ ಒಡೆದರೆ ಉಂಡೆ ಕೊಬ್ಬರಿ ಇಡಿಯಾಗಿ ಹೊರಗೆ ಬರುತ್ತದೆ. ಆ ಕೆಲಸದಲ್ಲಿ ಅವ್ವನ ಕೈ ತಪ್ಪಿದ್ದನ್ನು ನಾನು ಕಂಡಿಲ್ಲ.

"ನಿಂಗೆ ಹೆಣ್ಣು ನೋಡ್ತಾ ಇದೀನಿ ಕಣ್ಲಾ," ಅಂದಳು, ಕೈ ನಿಲ್ಲಿಸದೆ. "ಬಂದೋರು ಹುಡುಗ ಏನ್ ಮಾಡ್ತಾನೆ ಅಂದ್ರೆ, ಮ್ಯಾಲಿಂದ ಬೀಳ್ತಾನೆ ಅನ್ಲಾ?"

ನಾನು ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು ಎಲ್ಲವನ್ನೂ ಹೇಳಿದೆ. ಕಾಲು ಅಗಲವಾಗುವುದನ್ನೂ, ಶನಿವಾರದ ಗಡುವನ್ನೂ ಹೇಳಿದೆ. ಕಾಲು ಅನ್ನುವ ಮಾತು ಬಂದಾಗ ಅವಳ ಕೈ ನಿಂತಿತು. ಜಗುಲಿಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದಳು.

"ನಿಮ್ಮಪ್ಪ ಬಿದ್ದಾಗ್ಲೂ ಹಂಗೇ ಇತ್ತು. ಕಾಲು ಅಗಲ ಮಾಡ್ಕಂಡು, ಮರ ತಬ್ಬಿದಂಗೇ ಬಿದ್ರು. ಮರ ಬುಟ್ಟೋಗಿತ್ತು, ಕಾಲು ಬುಟ್ಟಿರ್ಲಿಲ್ಲ."

ಆಗ ನನಗೆ ತಿಳಿಯಿತು. ಹನ್ನೊಂದು ವರ್ಷ ಮರ ಹತ್ತಿ ಇಳಿದ ಕಾಲು ಅದು. ಎರಡು ಮೊಣಕಾಲ ನಡುವೆ ಯಾವಾಗಲೂ ಒಂದು ಮರ ಇರುತ್ತಿತ್ತು. ನೆಲ ಬಿಟ್ಟ ಕೂಡಲೇ ಅದು ಆ ಮರವನ್ನು ಹುಡುಕುತ್ತಿತ್ತು.

ಅವ್ವ ಗುಡ್ಡೆಯಿಂದ ಚೆನ್ನಾಗಿರುವ ಒಂದು ಉಂಡೆ ಕೊಬ್ಬರಿ ಆರಿಸಿ ನನ್ನ ಕಡೆ ಎಸೆದಳು.

"ಮಂಡಿ ಮಧ್ಯ ಇದ ಇಟ್ಕಂಡು ಅಟ್ಟದಿಂದ ಹಾರು. ಶುಕ್ರವಾರದೊಳಗೆ ಬೀಳಿಸ್ದೆ ಹಾರಿದ್ರೆ ಹೋಗು, ನಾನು ಬ್ಯಾಡ ಅನ್ನಲ್ಲ. ಬಿದ್ರೆ ಮನೇಲೇ ಬಿದ್ದಿರು."

ನಾನು ಸೋಲಲಿ ಎಂದು ಹಾಗೆ ಹೇಳಿದಳೋ, ಗೆದ್ದರೆ ಕಾಲು ಉಳಿಯಲಿ ಎಂದು ಹೇಳಿದಳೋ, ಕೇಳಿಲ್ಲ. ಕೇಳಿದ್ದರೂ ಹೇಳುವವಳಲ್ಲ.

ಅಟ್ಟದ ಕೆಳಗೆ ರಾಗಿಹುಲ್ಲು ಹಾಸಿದೆ. ಮೊದಲ ಸಲ ಹಾರಿದಾಗ ಕೊಬ್ಬರಿ ನನಗಿಂತ ಮೊದಲು ನೆಲ ಸೇರಿ, ಉರುಳಿ ದನದ ಮುಂದೆ ಹೋಯಿತು. ಸೋಮವಾರ ಪೂರ್ತಿ ಅದೇ ಕತೆ. ಬೆಳಿಗ್ಗೆ ತೋಟದ ಕೆಲಸ, ಮಧ್ಯಾಹ್ನದಿಂದ ಅಟ್ಟ. ಮಂಡಿಯ ಒಳಮಗ್ಗುಲು ಕೆಂಪಾಗಿ ಸುಲಿಯಿತು. ಮಂಗಳವಾರದ ಹೊತ್ತಿಗೆ ಅಪ್ಪ ಜಗುಲಿ ಬಿಟ್ಟು ಒಳಗೆ ಬಂದು, ಕಂಬಕ್ಕೆ ಒರಗಿ ಕೂತುಬಿಟ್ಟ. ಅವನು ಹೆಚ್ಚು ಮಾತಾಡುವವನಲ್ಲ. ಕೊಬ್ಬರಿ ಬಿದ್ದಾಗಲೆಲ್ಲ ಕೋಲಿನಿಂದ ಅದನ್ನು ನನ್ನ ಕಡೆ ತಳ್ಳುತ್ತಿದ್ದ. ಬುಧವಾರ ಒಮ್ಮೆ ನಾನು ಹುಲ್ಲಿನ ಮೇಲೆ ಪಕ್ಕಕ್ಕೆ ಉರುಳಿ ನಿಂತರೂ ಕೊಬ್ಬರಿ ಸಿಗಲಿಲ್ಲ. ಅತ್ತ ಇತ್ತ ಹುಡುಕಿದೆ. ಅಪ್ಪ ಕೋಲು ಎತ್ತಿ ನನ್ನ ಮಂಡಿ ತೋರಿಸಿದ.

"ಅಲ್ಲೇ ಐತಲ್ಲೋ."

ಅಲ್ಲೇ ಇತ್ತು. ನಾನು ಗಟ್ಟಿಯಾಗಿ ಕೂಗಿದ್ದಕ್ಕೆ ಕೊಟ್ಟಿಗೆಯ ಎಮ್ಮೆ ಬೆದರಿತು. ಗುರುವಾರ, ಶುಕ್ರವಾರ ಅವ್ವ ಸಾಕು ಅನ್ನುವವರೆಗೂ ಹಾರಿದೆ, ಕೊಬ್ಬರಿ ಬೀಳಲಿಲ್ಲ. ಶನಿವಾರ ಬೆಳಿಗ್ಗೆ ಅವಳು ರಾಗಿರೊಟ್ಟಿಯ ಜೊತೆ ಆ ಕೊಬ್ಬರಿಯನ್ನೂ ಚೀಲಕ್ಕೆ ಹಾಕಿದಳು. ಹೋಗಿ ಬಾ ಅನ್ನಲಿಲ್ಲ. ಬೇಡ ಅನ್ನುವುದಿಲ್ಲ ಎಂದಷ್ಟೇ ಮಾತು ಕೊಟ್ಟಿದ್ದಳು, ಅದನ್ನು ಉಳಿಸಿಕೊಂಡಳು.

ಮೈದಾನದಲ್ಲಿ ನಾನು ಕೊಬ್ಬರಿ ಹಿಡಿದು ಅಟ್ಟಣೆ ಹತ್ತಿದ್ದನ್ನು ಕಂಡು ಎಲ್ಲರೂ ನಕ್ಕರು. ಹಾರಿ, ಉರುಳಿ, ಎದ್ದು, ಮಂಡಿಯ ನಡುವಿನಿಂದ ಅದನ್ನು ತೆಗೆದು ಸುಬೇದಾರರ ಕೈಗೆ ಕೊಟ್ಟೆ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ಆಮೇಲೆ ಉಳಿದವರಿಗೂ ಅದನ್ನೇ ಕೊಟ್ಟು ಒಂದು ಸುತ್ತು ಹಾರಿಸಿದರು. ಬ್ಯಾಂಕಿನವನದು ಎರಡು ಸಲ ಬಿತ್ತು. ನನಗೆ ಮತ್ತೆ ಕೊಬ್ಬರಿ ಇಲ್ಲದೆ ಹಾರಲು ಹೇಳಿ, ನೋಡಿ, ಪಾಸು ಎಂದು ತಲೆಯಾಡಿಸಿದರು. ವಿಮಾನದಲ್ಲಿ ಸಡಿಲ ಸಾಮಾನು ಒಯ್ಯುವಂತಿಲ್ಲ, ಆದ್ದರಿಂದ ಕೊಬ್ಬರಿ ಸುಬೇದಾರರ ಮೇಜಿನ ಮೇಲೆಯೇ ಉಳಿಯಿತು.

ಭಾನುವಾರ ಬೆಳಿಗ್ಗೆ ಗಾಳಿ ತಣ್ಣಗಿತ್ತು. ಬಾಗಿಲೇ ಇಲ್ಲದ ಸಣ್ಣ ವಿಮಾನ, ಒಳಗೆ ನಾವು ನಾಲ್ವರು ಮತ್ತು ನಮ್ಮನ್ನು ಹಾರಿಸುವ ಒಬ್ಬರು. ಇಂಜಿನ್ನಿನ ಸದ್ದಿಗೆ ನನ್ನ ಹಲ್ಲೂ ಎದೆಯೂ ಒಟ್ಟಿಗೆ ನಡುಗುತ್ತಿದ್ದವು. ಹೆದರಿಕೆ ಅನ್ನಲಾರೆ, ಹಬ್ಬದ ಬೆಳಿಗ್ಗೆ ಎಣ್ಣೆಸ್ನಾನಕ್ಕೆ ಮೊದಲು ಆಗುವ ಹಾಗೆ ಮೈಯೆಲ್ಲ ಜುಂ ಅನ್ನುತ್ತಿತ್ತು. ಮೂರನೆಯವನಾಗಿ ಬಾಗಿಲಿಗೆ ಬಂದು ಕಾಲು ಹೊರಗೆ ಇಳಿಬಿಟ್ಟೆ. ಹಾರು ಎಂದು ಹೆಗಲ ಮೇಲೆ ಏಟು ಬಿತ್ತು. ಹಾರಿದೆ.

ಮರದ ಮೇಲಿಂದ ಕೈ ಜಾರಿದವನ ಹಾಗೇ ಬಿದ್ದೆ. ಆದರೆ ನೆಲ ಬರಲಿಲ್ಲ. ಹೆಗಲನ್ನು ಯಾರೋ ಹಿಡಿದು ಮೇಲಕ್ಕೆ ಎಳೆದಂತಾಗಿ ತಲೆ ಎತ್ತಿದರೆ, ನನ್ನ ಮೇಲೆ ಇಡೀ ಕೊಡೆ ಬಿಚ್ಚಿಕೊಂಡಿತ್ತು. ಆಮೇಲೆ ಸದ್ದೇ ಇಲ್ಲ. ಎಲ್ಲೋ ಕೆಳಗೆ ನಾಯಿ ಬೊಗಳುವುದು ಕೇಳಿಸಿತು. ನಾನು ನಗುತ್ತಿದ್ದೆ. ಒಬ್ಬನೇ, ಗಾಳಿಯಲ್ಲಿ ನೇತಾಡಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದೆ.

ಮೈದಾನದ ಅಂಚಿನಲ್ಲಿ ಯಾರದೋ ತೋಟದ ಮೂರು ತೆಂಗಿನ ಮರಗಳಿದ್ದವು. ತೆಂಗಿನ ಮರದ ತಲೆಯನ್ನು ಮೇಲಿನಿಂದ ನೋಡಿದ್ದು ಅದೇ ಮೊದಲು. ಗರಿಗಳೆಲ್ಲ ಸುತ್ತಲೂ ಚಾಚಿಕೊಂಡು, ನಡುವೆ ಸುಳಿ, ಎಷ್ಟು ಚೆಂದ! ನೋಡುತ್ತ ನೋಡುತ್ತ ಅದು ದೊಡ್ಡದಾಯಿತು. ಗಾಳಿ ನನ್ನನ್ನು ಅದರ ಕಡೆಗೇ ಒಯ್ಯುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಮರ ಕಂಡು ಹೆದರಿ ತಪ್ಪಿಸಿಕೊಳ್ಳುತ್ತಿದ್ದರು. ನನ್ನ ಮೈಗೆ ಮಾತ್ರ, ನಿಜ ಹೇಳುತ್ತೇನೆ, ಸಮಾಧಾನವಾಯಿತು. ಮನೆ ಸಿಕ್ಕಂತಾಯಿತು. ಕಾಲು ತಾನಾಗಿ ಅಗಲವಾಗತೊಡಗಿತು, ಕೈ ತಬ್ಬಲು ಮುಂದಕ್ಕೆ ಬಂತು.

ಕೆಳಗಿನಿಂದ ಧ್ವನಿವರ್ಧಕದಲ್ಲಿ ಸುಬೇದಾರರ ಕೂಗು ಬಂತು. "ತಿಪಟೂರು! ಅದು ನಿನ್ನ ಮರ ಅಲ್ಲ! ಎಡಕ್ಕೆ ಎಳಿ!"

ಕೊಡೆಯನ್ನು ತಿರುಗಿಸುವ ಹಗ್ಗಗಳಲ್ಲಿ ಎಡಗೈಯ ಹಿಡಿಯನ್ನು ಎದೆಯವರೆಗೆ ಎಳೆದೆ. ಕೊಡೆ ನಿಧಾನವಾಗಿ ತಿರುಗಿತು. ಕಾಲ ಕೆಳಗೆ ಗರಿಯೊಂದು ಸರ್ರನೆ ಸವರಿಕೊಂಡು ಹೋಯಿತು. ನೆಲ ಎದ್ದು ಬರುತ್ತಿತ್ತು. ಕೊಬ್ಬರಿ, ಕೊಬ್ಬರಿ ಎಂದು ಬಾಯಿಬಿಟ್ಟೇ ಅಂದುಕೊಂಡೆ. ಇಲ್ಲದ ಆ ಕೊಬ್ಬರಿಯನ್ನು ಮಂಡಿಯ ನಡುವೆ ಅವುಚಿ ಹಿಡಿದೆ. ಪಾದ, ತೊಡೆ, ಬೆನ್ನು, ಒಂದರ ಹಿಂದೆ ಒಂದು ಮಣ್ಣು ಮುಟ್ಟಿದವು. ಉರುಳಿದೆ. ಎದ್ದೆ. ಎರಡೂ ಕಾಲ ಮೇಲೆ ನಿಂತಿದ್ದೆ. ನಿಂತವನು ನಿಂತಲ್ಲೇ ಕುಣಿದೆ, ಕೊಡೆಯ ಹಗ್ಗ ಸುತ್ತಿಕೊಂಡು ಮತ್ತೆ ಬಿದ್ದೆ, ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಸೋಮವಾರ ಮಧ್ಯಾಹ್ನ ಬಸ್ಸಿನಿಂದ ಇಳಿದು ಮನೆಯ ಕಡೆ ನಡೆದು ಬರುವಾಗ ಅವ್ವ ಬಾಗಿಲಲ್ಲಿ ನಿಂತಿದ್ದಳು. ನನ್ನ ಮುಖ ನೋಡಲಿಲ್ಲ. ನಡೆದು ಬರುತ್ತಿದ್ದ ನನ್ನ ಕಾಲುಗಳನ್ನೇ ನೋಡುತ್ತಿದ್ದಳು, ಹೊಸಿಲು ದಾಟುವವರೆಗೂ. ಆಮೇಲೆ ನಾನು ವಾಪಸು ತಂದಿದ್ದ ಕೊಬ್ಬರಿಯನ್ನು ಚೀಲದಿಂದ ತೆಗೆದು, ಚೂರು ಮಾಡಿ, ಬೆಲ್ಲದ ಜೊತೆ ಬೀದಿಯವರಿಗೆಲ್ಲ ಹಂಚಿದಳು. ಅಪ್ಪನಿಗೆ ದೊಡ್ಡ ಚೂರು ಕೊಟ್ಟಳು. ಅವನು ಅದನ್ನು ಅಗಿಯುತ್ತ, ಮೇಲಿನಿಂದ ಮರದ ತಲೆ ಹೇಗೆ ಕಾಣುತ್ತದೆ ಎಂದು ಕೇಳಿದ. ಕತ್ತಲಾಗುವವರೆಗೂ ಹೇಳಿದೆ.

ಈಗ ನನ್ನ ಬಳಿ ಇರುವುದು ಇಷ್ಟು: ನಾಲ್ಕು ಎಕರೆ ತೋಟ, ಅಪ್ಪ ನೆಟ್ಟ ಮರಗಳಲ್ಲಿ ಉಳಿದಿರುವ ಅರವತ್ತು, ಕ್ಯಾರಿಯರ್ ಇಲ್ಲದ ಒಂದು ಸೈಕಲ್ಲು, ಆಮೇಲಿನವನ್ನೂ ಸೇರಿಸಿ ಏಳು ಜಿಗಿತ, ಮುರಿಯದ ಎರಡು ಕಾಲು.