ಹೊಸ್ತಿಲಿಗೆ ಸುರಿದ ನೀರು

ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ಕೂರಿಗೆ ಹಿಡಿದವನು ನಾನು. ಎರಡು ಎತ್ತು, ಎರಡು ರಟ್ಟೆ ನಂಬಿ ಮೊರಬದ ಎರೆಹೊಲದಲ್ಲಿ ಬದುಕು ಕಟ್ಟಿದೆ. ಯಾರ ಮುಂದೆಯೂ ತಲೆ ತಗ್ಗಿಸಿದವನಲ್ಲ ಎಂದು ಈಗಲೂ ಹೇಳಿಕೊಳ್ಳುತ್ತೇನೆ. ಹೇಳುವಾಗ ಒಂದು ಮುಖ ಕಣ್ಣೆದುರು ಬಂದು ಮಾತು ಅಲ್ಲಿಗೇ ನಿಲ್ಲುತ್ತದೆ.

ಎಂಬತ್ತರ ದಶಕದ ಆರಂಭದಲ್ಲಿ ನಮ್ಮೂರಿಗೆ ಮೊದಲ ಸಲ ನರ್ಸಬಾಯಿ ಬಂದರು. ಮನೆಮನೆಗೆ ಹೋಗಿ ಬಸುರಿ ಬಾಣಂತಿಯರನ್ನು ನೋಡುವುದು ಅವರ ಕೆಲಸ. ಊರು ಮೊದಲು ಕೇಳಿದ್ದು ಅವರ ಜಾತಿಯನ್ನು. ತಿಳಿದ ಮೇಲೆ ಬಾಡಿಗೆಗೆ ಮನೆ ಸಿಗಲಿಲ್ಲ. ದಿನಾ ನವಲಗುಂದದಿಂದ ಬಸ್ಸಿಗೆ ಬರುತ್ತಿದ್ದರು. ಮಳೆಗಾಲದಲ್ಲಿ ಮಣ್ಣು ಮೆತ್ತಿದ ಚಪ್ಪಲಿ ಕೈಯಲ್ಲಿ, ಕೊಡೆ ಕಂಕುಳಲ್ಲಿ.

ಆಗ ನನ್ನ ಹೆಂಡತಿಗೆ ಎರಡನೆಯ ಬಸಿರು. ನರ್ಸಬಾಯಿ ಹೊರಗೆ ಕಟ್ಟೆಯ ಮೇಲೆ ಕೂರುತ್ತಿದ್ದರು, ಇವಳು ಹೊಸ್ತಿಲೊಳಗೆ ಕೂತು ತೋಳು ಹೊರಗೆ ಚಾಚುತ್ತಿದ್ದಳು. ಬಿ.ಪಿ. ನೋಡುವುದು, ಇಂಜೆಕ್ಷನ್ನು, ಎಲ್ಲ ಹಾಗೇ. ಅವರು ಹೋದ ಮೇಲೆ ಇವಳಿಗೆ ಸ್ನಾನ.

ಎಂಟು ತುಂಬಿದಾಗ ಅವರು, "ಅಣ್ಣಾರ, ಹೊಟ್ಟಿ ಮುಟ್ಟಿ ನೋಡಬೇಕ್ರಿ. ಒಳಗ ಮಲಗಸ್ರಿ," ಅಂದರು.

"ಕೈ ನೋಡಿದ್ರ ಸಾಕ್ರಿ," ಅಂದೆ.

ಹಾಗಿದ್ದರೆ ದವಾಖಾನೆಗಾದರೂ ಕರೆತರಲು ಹೇಳಿದರು. ಬಿತ್ತುವ ಹದ ಬಿಟ್ಟು ನಾನು ಹೋಗಲಿಲ್ಲ.

ಹೆರಿಗೆಯ ದಿನ ಬೆಳಿಗ್ಗೆ ಸೂಲಗಿತ್ತಿ ಅಜ್ಜಿ ಕೈ ಒರೆಸುತ್ತ ಹೊರಗೆ ಬಂದಳು. ಕೂಸಿನ ಕಾಲು ಮೊದಲು ಬಂದಿತ್ತು. "ನನ್ನ ಕೈಲಿ ಆಗೂದಿಲ್ಲ. ಆ ಬಾಯಿನ್ನ ಕರಕೊಂಡು ಬಾ ಲೇ. ಜಾತಿ ಆಮ್ಯಾಲ ನೋಡೂಣು," ಅಂದಳು.

ಓಡಿದೆ. ಬಸ್ಸಿನಿಂದ ಇಳಿಯುತ್ತಿದ್ದವರು ನನ್ನ ಮುಖ ನೋಡಿಯೇ ಹಿಂದೆ ಬಂದರು. ಚಪ್ಪಲಿ ಬಿಟ್ಟು ನೇರ ಒಳಗೆ ನಡೆದರು. ಅವ್ವ ಬಾಗಿಲು ಬಿಟ್ಟು ಸರಿದಳು. ಬಹಳ ಹೊತ್ತಿನ ಮೇಲೆ ಕೂಸು ಅತ್ತಿತು. ಹೆಣ್ಣು. ತಾಯಿಯೂ ಉಳಿದಳು.

ಜಾತಿಯನ್ನು ಆಮೇಲೆ ನೋಡಿದೆವು. ಅವರು ಓಣಿ ತಿರುಗುತ್ತಲೇ ಅವ್ವ ತುಂಬಿದ ಕೊಡ ತಂದಿಟ್ಟಳು. ಬೇಡ ಅನ್ನಬಹುದಿತ್ತು. ನಾನೇ ಎತ್ತಿ ಅವರು ದಾಟಿದ ಹೊಸ್ತಿಲ ಮೇಲೆ ಸುರಿದೆ. ನೀರು ಅಂಗಳಕ್ಕೆ ಹರಿದು ಯಾರದೋ ಪಾದಕ್ಕೆ ತಾಗಿತು. ಮರೆತ ಕೊಡೆಗಾಗಿ ಅವರು ತಿರುಗಿ ಬಂದಿದ್ದರು. ಸೀರೆಯ ನೆರಿಗೆಯಲ್ಲಿ ನನ್ನ ಹೆಂಡತಿಯ ರಕ್ತ ಇನ್ನೂ ಹಸಿ ಇತ್ತು.

ಕೊಡೆ ತೆಗೆದುಕೊಂಡು, "ಆಕಿಗೆ ಕಾಸಿ ಆರಿಸಿದ ನೀರ ಕೊಡ್ರಿ. ನಾಡದ ಬಂದು ಕೂಸಿನ ತೂಕ ಮಾಡ್ತೀನಿ," ಅಂದರು.

ಹೇಳಿದ ದಿನವೇ ಬಂದರು. ಈ ಸಲ ಕಟ್ಟೆಯನ್ನೂ ಹತ್ತದೆ ಅಂಗಳದ ಬೇವಿನ ಗಿಡಕ್ಕೆ ತಕ್ಕಡಿ ಕಟ್ಟಿ ನಿಂತರು. ಹೆಂಡತಿ ಕೋಣೆಯಿಂದ ಮೆಲ್ಲಗೆ, "ಒಳಗ ಕರೀರಿ," ಅಂದಳು. ಎತ್ತಿಗೆ ನೀರು ಕುಡಿಸಬೇಕು ಎಂದು ನಾನು ಹಿತ್ತಲಿಗೆ ಹೋದೆ. ಎತ್ತು ಆಗಲೇ ಕುಡಿದಿದ್ದವು.

ಹಸಿ ಬಾಣಂತಿ, ಅವ್ವ ಬೇಡವೆಂದರೂ ಕೇಳದೆ ತಲೆಗೆ ಬಟ್ಟೆ ಸುತ್ತಿಕೊಂಡು ಕೂಸಿನ ಜೊತೆ ತಾನೇ ಅಂಗಳಕ್ಕೆ ಇಳಿದಳು. ಅವರಿಬ್ಬರ ಮಾತು ಹಿತ್ತಲಿಗೆ ಕೇಳಿಸುತ್ತಿತ್ತು. ಅವರು ಹೋಗುವ ತನಕ ನಾನು ಎತ್ತಿನ ಮೈ ಉಜ್ಜುತ್ತ ನಿಂತಿದ್ದೆ.